ಬಿರುಕು ಗಾಜಿನ ಫೋನು

ಒಂದೇ ಆ್ಯಪನ್ನು ಎಲ್ಲ ಬಗೆಯ ಫೋನುಗಳಿಗೂ ಹೊಂದುವಂತೆ ಕಟ್ಟಿಕೊಡುವ ಒಂದು ಬಿಲ್ಡ್ ಟೂಲ್ ಇತ್ತು. ಒಂದು ದಿನ ಅದು ಆಂಬುಲೆನ್ಸ್ ಕರೆಯುವ ಆ್ಯಪನ್ನು ಕಟ್ಟಿತು. ಕಟ್ಟಿದ್ದನ್ನೆಲ್ಲ ಜನರಿಗೆ ಕೊಡುವ ಮೊದಲು ಗಾಜು ಬಿರುಕುಬಿಟ್ಟ ಒಂದು ಹಳೆಯ ಫೋನಿನಲ್ಲೂ ತೆರೆದು ನೋಡುವುದು ಅದರ ಪದ್ಧತಿ. ಅಲ್ಲಿ ಆ್ಯಪ್ ತೆರೆಯಲಿಲ್ಲ. ಟೂಲ್ ಬೇಸರಿಸದೆ ಎಲ್ಲವನ್ನೂ ಬಿಚ್ಚಿ ಮತ್ತೆ ಕಟ್ಟತೊಡಗಿತು.

ಪಕ್ಕದಲ್ಲಿದ್ದ ಹೊಸ ಫೋನಿಗೆ ತಾಳ್ಮೆ ತಪ್ಪಿತು. "ನನ್ನಲ್ಲಿ ಆಗಲೇ ಚೆನ್ನಾಗಿ ಓಡುತ್ತಿದೆ. ಈ ಮುದುಕನಿಗಾಗಿ ಎಲ್ಲರನ್ನೂ ಯಾಕೆ ಕಾಯಿಸುತ್ತೀರಿ? ಇವನನ್ನು ಕೈಬಿಡಿ."

"ಇಂಥ ಫೋನು ಇನ್ನೂ ಎಷ್ಟೋ ಜನರ ಜೇಬಿನಲ್ಲಿದೆ. ಅವರಿಗೂ ಎದೆನೋವು ಬರುತ್ತದೆ," ಎಂದಿತು ಟೂಲ್.

ಅಷ್ಟರಲ್ಲಿ ಹೊಸ ಫೋನಿಗೆ ಅದರ ಕಂಪನಿಯಿಂದ ಅಪ್‌ಡೇಟ್ ಬಂತು. ಫೋನು ಜಂಬದಿಂದ ಹಾಕಿಕೊಂಡಿತು. ಆಮೇಲೆ ನೋಡಿದರೆ, ಅದುವರೆಗೆ ಓಡುತ್ತಿದ್ದ ಆ್ಯಪ್ ತೆರೆಯಲೇ ಇಲ್ಲ.

"ಸ್ವಾಮಿ, ಈಗ ನನ್ನ ಗತಿ ಏನು?"

ಟೂಲ್ ಒಂದು ಕೊಂಕು ಮಾತೂ ಆಡಲಿಲ್ಲ. "ಗಾಬರಿಯಾಗಬೇಡ. ಇವನದು ಮುಗಿಯಲಿ, ನಿನಗೂ ಹೊಂದಿಸಿ ಕೊಡುತ್ತೇನೆ."

ಹೊಸ ಫೋನು ಮೆಲ್ಲಗೆ ಕೇಳಿತು: "ನಾಳೆ ನನಗಿಂತ ಹೊಸಬನೊಬ್ಬ ಬಂದು, ನನ್ನನ್ನು ಕೈಬಿಡಿ ಎಂದರೆ?"

ಟೂಲ್ ಕೆಲಸದಲ್ಲಿ ಮುಳುಗಿತ್ತು. ಬಿರುಕು ಗಾಜಿನ ಹಿಂದೆ ಬೆಳಕು ಮೂಡಿ, ಆ್ಯಪ್ ತೆರೆದುಕೊಂಡಿತು.

ಅದುವರೆಗೆ ಮಾತೇ ಆಡದಿದ್ದ ಹಳೆಯ ಫೋನು ಹೇಳಿತು: "ಹೊಸಬನಾಗಿದ್ದಾಗ ನಾನೂ ಇದನ್ನೇ ಕೇಳಿದ್ದೆ, ತಮ್ಮಾ."