ಬರಿಗೈಯವ್ವನ ದಿಬ್ಬ

ಕೆಂಜಡಗಿ ಕೆರೆಯಿಂದ ಕೂಗಳತೆ ದೂರದಲ್ಲಿ ಒಂದು ದಿಬ್ಬವಿದೆ. ಕಲ್ಲಿನದಲ್ಲ, ಒಡೆದ ಮಡಕೆ ಚೂರುಗಳದು. ಕಾಲಿಟ್ಟರೆ ಕರಕರ ಎನ್ನುತ್ತದೆ. ಮೇಲೆ ಗುಡಿಯಿಲ್ಲ, ಮೂರ್ತಿಯಿಲ್ಲ. ಬರಿಗೈಯವ್ವನ ದಿಬ್ಬ ಎನ್ನುತ್ತಾರೆ. ದಾರಿಹೋಕರು ಯಾವುದೋ ದೇವಿಯಿರಬೇಕೆಂದು ಕೈಮುಗಿದು ಹೋಗುತ್ತಾರೆ. ದೇವಿಯಲ್ಲ. ಕುಂಬಾರರ ಹೆಣ್ಣುಮಗಳು. ಹೆಸರು ಸಾತವ್ವ.

ಹಿಂದೆ ಒಮ್ಮೆ, ದೇಸಾಯರ ಆಳಿಕೆಯಲ್ಲಿ, ಈ ಕೆರೆಯ ಮಣ್ಣು ತೆಗೆಯುವ ಹಕ್ಕು ಕುಂಬಾರರಿಗಿತ್ತು. ಅದಕ್ಕೆ ಬದಲು ಪ್ರತಿ ಯುಗಾದಿಗೆ ಮನೆಗೊಂದು ಆವಿಗೆ, ಅಂದರೆ ಮಡಕೆ ಸುಡುವ ಒಲೆ, ತುಂಬ ನೀರಿನ ಹರವಿ ಸುಟ್ಟು ದೇಸಾಯರ ವಾಡೆಗೆ ಕೊಡಬೇಕು. ಕೊಡದವನಿಗೆ ಮಣ್ಣಿಲ್ಲ. ಆ ವರ್ಷ ಸಾತವ್ವನ ಗಂಡ ಗುರಪ್ಪನ ಬಲಗೈ ಹೆಬ್ಬೆರಳು ಮಣ್ಣು ತೆಗೆಯುವ ಗುಂಡಿಯ ದಂಡೆ ಕುಸಿದು ಜಜ್ಜಿಹೋಗಿತ್ತು. ಹೆಬ್ಬೆರಳಿಲ್ಲದೆ ಹರವಿಯ ಕಂಠ ಏಳುವುದಿಲ್ಲ. ಯುಗಾದಿ ಹತ್ತಿರ ಬಂತು. ಮಡಕೆ ತಿರುಗಿಸುವ ತಿಗರಿಯನ್ನು ಹೆಂಗಸು ಮುಟ್ಟುವಂತಿಲ್ಲ. ಗಂಡ ಎತ್ತಿದ್ದನ್ನು ತಟ್ಟಿ ತಳ ಕೂಡಿಸುವುದಷ್ಟೇ ಅವಳ ಕೆಲಸ. ಸಾತವ್ವ ಬಾಗಿಲು ಹಾಕಿದಳು. ಬಳೆ ಹಸಿಮಣ್ಣನ್ನು ಗೀರುತ್ತವೆಂದು ಎರಡೂ ಕೈಯಿಂದ ತೆಗೆದು ಗೂಡಿನಲ್ಲಿಟ್ಟಳು. ಗಂಡ ಬದುಕಿರುವಾಗ ಯಾರೂ ಮಾಡದ ಕೆಲಸ. ಬ್ಯಾಡ ಎಂದ ಗುರಪ್ಪ. "ನಿಮ್ಮ ಹೆಬ್ಬೆರಳು ನನ್ನ ಕೈಯಾಗ ಐತಿ ಅನ್ಕೊಳ್ರಿ. ಸುಮ್ನ ಮಣ್ಣು ತುಳೀರಿ," ಎಂದು ನಕ್ಕಳು.

ಹರವಿ ಬೆಂದವು. ಬಡಿದರೆ ಕಂಚಿನಂತೆ ನುಡಿದವು. ಕೇರಿಯ ಹಿರಿಯ ಭರಮಣ್ಣ ನೋಡಲು ಬಂದ. ಒಂದರೊಳಗೆ ಕೈ ಇಳಿಸಿ ಬೆರಳಿನ ಗೆರೆ ಸವರಿದ. "ಏನೋ ಗುರ್ಯಾ, ಹೆಬ್ಬೆರಳು ಹೋತು, ಉಳಿದ ಬೆರಳೂ ಸಣ್ಣಾದವೇನು?" ಸುತ್ತ ನಿಂತವರು ನಕ್ಕರು. "ತಿಗರಿ ಮ್ಯಾಲೆ ಕೈ ಇಟ್ಟು ಹೇಳು, ತಿರುಗಿಸಿದವರು ಯಾರು?" ತಿಗರಿ ಮುಟ್ಟಿ ಸುಳ್ಳಾಡಿದವನ ಮಣ್ಣು ಮತ್ತೆಂದೂ ಏಳುವುದಿಲ್ಲ ಎಂಬುದು ಕುಂಬಾರರ ನಂಬಿಕೆ. ಗುರಪ್ಪ ಕೈಯಿಟ್ಟ. ಹೆಂಡತಿಯನ್ನು ನೋಡಿದ. ಮಣ್ಣನ್ನು ನೆನೆದ. "ಅಕಿ," ಎಂದ. ಎಲ್ಲರ ಕಣ್ಣು ಅವಳ ಬರಿಗೈಗೆ ಹೋಯಿತು.

"ಗಂಡ ಇದ್ದಾಗ ಬಳಿ ಬಿಚ್ಚಿದಾಕಿ ಗಂಡನ ಸಾವು ಕರದಾಳ. ಅವ ಯಾಕ ಸಾಯ್ಬೇಕು? ಅಕೀನ ಸತ್ತಾಳಂತ ತಿಳೀರಿ," ಎಂದ ಭರಮಣ್ಣ. ಅವಳೇ ಮಾಡಿದ ಒಂದು ಗಡಿಗೆಗೆ ಮೂರು ತೂತು ಕೊರೆದು, ನೀರು ತುಂಬಿ, ಗುರಪ್ಪನ ಹೆಗಲಿಗಿಟ್ಟರು. ಹೆಣಕ್ಕೆ ಸುತ್ತುವಂತೆ ಅವನು ಜೀವಂತ ಹೆಂಡತಿಗೆ ಮೂರು ಸುತ್ತು ಬಂದು ಗಡಿಗೆಯನ್ನು ಹಿಂದಕ್ಕೆ ಎತ್ತಿಹಾಕಿ ಒಡೆದ. ಸತ್ತವಳಿಗೆ ನೀರಿಲ್ಲ, ಬೆಂಕಿಯಿಲ್ಲ. ಅವನ್ನು ಕೊಟ್ಟವನಿಗೆ ಕೆರೆಯ ಮಣ್ಣಿಲ್ಲ ಎಂದು ಸಾರಿದರು. ಹರವಿ ಮಾತ್ರ ವಾಡೆಗೆ ಹೋದವು. ಗುರಪ್ಪನ ಹಕ್ಕು ಉಳಿಯಿತು. ಅವಳನ್ನು ಊರು ಬಿಡು ಎಂದು ಈ ಚೂರಿನ ದಿಬ್ಬಕ್ಕೆ ಅಟ್ಟಿದರು. "ನನ್ನ ಗಂಡ ಬದುಕ್ಯಾನ. ನಾ ಯಾಕ ಹೋಗ್ಲಿ?" ಎಂದು ಅಲ್ಲೇ ಕೂತಳು. ಚೈತ್ರದ ಬಿಸಿಲು. ಕೆರೆಯ ದಾರಿಗೆ ಕೋಲು ಹಿಡಿದ ಇಬ್ಬರನ್ನು ನಿಲ್ಲಿಸಿದ್ದರು. ಗುರಪ್ಪ ದಿನಾಲೂ ಮಣ್ಣು ತೆಗೆಯಲು ಬಂದ. ನಾಳೆ ಹಿರಿಯರ ಸಿಟ್ಟು ಇಳಿದೀತು ಎಂದುಕೊಂಡ. ಎರಡನೆಯ ದಿನ ಅವಳು ದಿಬ್ಬದಿಂದ ಕೂಗಿದಳು, "ಉಂಡ್ರೇನ್ರಿ?" ಸತ್ತವರಿಗೆ ಉತ್ತರ ಕೊಡಬಾರದು. ಅವನು ತಲೆಯೆತ್ತಲಿಲ್ಲ. ನಾಲ್ಕನೆಯ ದಿನ ಕೂಗು ಬರಲಿಲ್ಲ.

ಆಮೇಲೆ ಅವನು ಮಡಕೆ ಮಾಡಲಿಲ್ಲ. ಕೆರೆಯಿಂದ ದಿಬ್ಬದ ಕಡೆಗೆ ಅಗೆಯತೊಡಗಿದ. ತೆಗೆದ ಮಣ್ಣನ್ನು ಮನೆಗೆ ಒಯ್ಯಲಿಲ್ಲ. "ಹೆಣಕ್ಕ ನೀರು ಕುಡಸ್ತಿಯೇನೋ?" ಎಂದು ಭರಮಣ್ಣ ಗೇಲಿ ಮಾಡಿದ. ಗುರಪ್ಪ ಮತ್ತೆ ಗುದ್ದಲಿ ಎತ್ತಿದ. ಹನ್ನೆರಡು ವರ್ಷ ಅಗೆದ ಎನ್ನುತ್ತಾರೆ. ಒಂದು ಮುಂಜಾನೆ ಗುದ್ದಲಿಯ ಮೇಲೆ ಸತ್ತು ಬಿದ್ದಿದ್ದ.

ಆ ಕಾಲುವೆ ಈಗ ಹೋದವರಿಗೂ ಕಾಣುತ್ತದೆ. ಒಬ್ಬ ಆಳು ನಿಲ್ಲುವಷ್ಟು ಅಗಲ, ಸೊಟ್ಟಪಟ್ಟ. ಮಳೆಗಾಲದಲ್ಲಿ ಕೆರೆ ತುಂಬಿದಾಗ ನೀರು ಅದರೊಳಗೆ ಹರಿದು ಬಂದು, ದಿಬ್ಬ ಇನ್ನೊಂದು ಮಾರು ಇರುವಾಗ ನಿಲ್ಲುತ್ತದೆ. ಆ ಒಂದು ಮಾರನ್ನು ಇಂದಿಗೂ ಯಾರೂ ಅಗೆದಿಲ್ಲ.