ಸಂಗವ್ವನ ಮೈಯೊಳಗೆ ಸೂರ್ಯನ ಕಿಡಿ

ಲೋಕ ಆಗಷ್ಟೇ ಹುಟ್ಟಿತ್ತು. ಬೆಟ್ಟಗಳ ಮೈ ಇನ್ನೂ ಆರಿರಲಿಲ್ಲ. ಯಾವ ಕಡೆ ಹರಿಯಬೇಕೆಂದು ಹೊಳೆಗೇ ಗೊತ್ತಿರಲಿಲ್ಲ. ಜ್ವರ ಎಂಬುದನ್ನು ಯಾರೂ ಕಂಡಿರಲಿಲ್ಲ.

ಆಗ ಒಂದು ಪುಟಾಣಿ ಜೀವಿ ಇತ್ತು. ಎಷ್ಟು ಪುಟಾಣಿ ಅಂತೀರಿ? ಒಂದು ಸಾಸಿವೆ ಕಾಳಿನ ಮೇಲೆ ಅಂಥ ಸಾವಿರ ಜೀವಿಗಳು ಕುಂಟೆಬಿಲ್ಲೆ ಆಡಬಹುದಿತ್ತು. ಅದಕ್ಕೆ ಮನೆಯಿರಲಿಲ್ಲ. ಬಂಡೆಯ ಮೇಲೆ ಕೂತರೆ ಬಿಸಿಲಿಗೆ ಚುರ್ರೆನ್ನುತ್ತಿತ್ತು. ಹೊಳೆ ನಿಲ್ಲಲು ಬಿಡಲಿಲ್ಲ. ಕೊನೆಗೆ ಗಾಳಿ ಕನಿಕರಪಟ್ಟು ಅದನ್ನು ನಿಂಬವ್ವಜ್ಜಿಯ ಹೊಸ್ತಿಲ ಮೇಲೆ ಇಳಿಸಿ, ನೆಂಟರು ಬಂದಿದ್ದಾರೆ ಎಂದು ಕೂಗಿ ಹೇಳಿ ಹೋಯಿತು.

ನಿಂಬವ್ವನ ಮನೆಗೆ ಇರುವೆ ಬರಲಿ, ಆನೆ ಬರಲಿ, ಮೊದಲು ಒಂದು ಚೂರು ಬೆಲ್ಲ, ಒಂದು ತಂಬಿಗೆ ನೀರು. ಅವತ್ತು ಬೆಲ್ಲ ಹಿಡಿದು ಓಡಿಬಂದವಳು ಮೊಮ್ಮಗಳು ಸಂಗವ್ವ. ಬಟ್ಟಲು ತರುವಷ್ಟು ಪುರುಸೊತ್ತು ಅವಳಿಗೆಲ್ಲಿ? ಅಂಗೈ ಮೇಲೇ ಬೆಲ್ಲವಿಟ್ಟು ಹೊಸ್ತಿಲಿಗೆ ಚಾಚಿದಳು. ಅತಿಥಿ ಹತ್ತಿ ಕೂತಿತು. ಯಾರೂ ಕಾಣದಿದ್ದಾಗ, ನೆಂಟರು ತಿಂದು ಹೋಗಿರಬೇಕೆಂದುಕೊಂಡು ಸಂಗವ್ವ ಉಳಿದ ಬೆಲ್ಲವನ್ನು ತಾನೇ ನೆಕ್ಕಿಬಿಟ್ಟಳು.

ಗಂಟಲೊಳಗೆ ಎಂಥ ಮನೆ! ಬೆಚ್ಚಗೆ, ಮೆತ್ತಗೆ, ತೇವವಾಗಿ. ಅತಿಥಿ ಹೊಟ್ಟೆ ತುಂಬ ಉಂಡಿತು. ಒಂದಿದ್ದದ್ದು ಎರಡಾಯಿತು, ಎರಡು ನಾಲ್ಕಾಯಿತು, ನಾಲ್ಕು ಎಂಟಾಯಿತು. ಬೆಲ್ಲ ಮುಗಿದ ಮೇಲೆ ಗೋಡೆಯನ್ನೇ ಕೆರೆದು ತಿಂದವು. ತಿಂದಲ್ಲೇ ವಿಷ ಉಗುಳಿದವು. ಸಂಗವ್ವನ ಗಂಟಲು ಊದಿ ಒಂದು ಗುಟುಕು ನೀರೂ ಇಳಿಯದಾಯಿತು.

ನಿಂಬವ್ವನಿಗಿದ್ದದ್ದು ಒಬ್ಬಳೇ ಮೊಮ್ಮಗಳು. ಗಾಳಿಯನ್ನು ತಡೆದು ಕೇಳಿದಳು. ಅತಿಥಿಯನ್ನು ತಂದದ್ದು ತಾನೇ ಎಂದೂ, ಅದು ಬಿಸಿಲಿಗೆ ಮಾತ್ರ ಹೆದರುತ್ತದೆಂದೂ ಗಾಳಿ ತಲೆ ತಗ್ಗಿಸಿ ಒಪ್ಪಿಕೊಂಡಿತು. ಅಷ್ಟು ಸಾಕಾಯಿತು. ಅಜ್ಜಿ ಸೆರಗು ಸೊಂಟಕ್ಕೆ ಸಿಕ್ಕಿಸಿ ಗುಡ್ಡದ ತುದಿಗೆ ಓಡಿದಳು.

"ಯಪ್ಪಾ ಸೂರ್ಯ, ನನ್ನ ಕೂಸಿನ ಮೈಯಾಗ ಚೂರು ಬಾರಪ್ಪ," ಅಂದಳು.

"ನಾ ಬಂದ್ರ ಕೂಸು ಉಳಿಯಂಗಿಲ್ಲ ಯವ್ವಾ," ಅಂದ ಸೂರ್ಯ. "ಒಂದು ಕಿಡಿ ಕೊಡ್ತೀನಿ. ಆದ್ರ ಅದು ಕೂಸಿಗೂ ತ್ರಾಸು ಕೊಡ್ತದ. ತಡ್ಕೋತಾಳೇನು?"

ನೆರೆಮನೆಯಿಂದ ಕೆಂಡ ತರುವ ಹಾಗೆ, ನಿಂಬವ್ವ ಆ ಕಿಡಿಯನ್ನು ಒಣಗಿದ ಸಗಣಿ ಕುಳ್ಳಿನ ಮೇಲಿಟ್ಟು ಊದುತ್ತಾ ಊದುತ್ತಾ ತಂದಳು. ತಡೆದುಕೊಳ್ಳುತ್ತೀಯಾ ಎಂದು ಮೊಮ್ಮಗಳನ್ನು ಕೇಳಿದಳು. ಸಂಗವ್ವ ಬಾಯಿ ಅಗಲವಾಗಿ ತೆರೆದಳು.

ಕಿಡಿ ಒಳಗೆ ಹೋಯಿತು! ಹಲ್ಲು ಕಟಕಟ ಅಂದವು, ಹಣೆ ರೊಟ್ಟಿ ಹೆಂಚಿನಂತೆ ಕಾದಿತು. ಒಳಗಿದ್ದ ಅತಿಥಿಗಳು ಸೆಕೆಗೆ ಎರಡಾಗುವುದನ್ನೇ ಮರೆತವು. ರಕ್ತದಲ್ಲಿ ತೂಕಡಿಸುತ್ತಿದ್ದ ಬಿಳಿ ಕಾವಲುಗಾರರು ಬಿಸಿ ತಾಗಿ ದಡಬಡ ಎದ್ದರು, ಅವುಗಳನ್ನು ಅಟ್ಟಾಡಿಸಿ ಹಿಡಿದು ಗುಳುಂ ಗುಳುಂ ನುಂಗಿದರು. ನಿಂಬವ್ವ ಮೂರು ದಿನ ಹಣೆಯ ಒದ್ದೆಬಟ್ಟೆ ಬದಲಿಸುತ್ತಾ ಕೂತಳು. ಮೂರನೆಯ ದಿನ ಮಧ್ಯಾಹ್ನ ಸಂಗವ್ವನ ಮೈ ಬೆವರಿತು.

"ಅಜ್ಜೀ, ಹಸಿವಾಗೇತಿ," ಅಂದಳು.

ನಿಂಬವ್ವ ನಕ್ಕಳೋ ಅತ್ತಳೋ, ಅವಳಿಗೇ ತಿಳಿಯಲಿಲ್ಲ. ಅವಳ ಮನೆಯಲ್ಲಿ ಬೆಲ್ಲ ಕೊಡುವುದು ನಿಲ್ಲಲಿಲ್ಲ. ಆದರೆ ಅಂದಿನಿಂದ ಮೊದಲು ಕೈಗೆ ನೀರು, ಆಮೇಲೆ ಬೆಲ್ಲ.

ಕಿಡಿಯನ್ನು ಸೂರ್ಯ ವಾಪಸು ಕೇಳಲಿಲ್ಲ. ಅದು ಸಂಗವ್ವನಿಂದ ಅವಳ ಮಕ್ಕಳಿಗೆ, ಅವರಿಂದ ಅವರ ಮಕ್ಕಳಿಗೆ ಬಂದು ನಮ್ಮೆಲ್ಲರ ಮೈಯಲ್ಲಿ ಮಲಗಿದೆ. ಅದಕ್ಕೇ ಇವತ್ತಿಗೂ ನಿನಗೆ ಜ್ವರ ಬಂದು ಅಮ್ಮ ಹಣೆ ಮುಟ್ಟಿ ನೋಡಿದಾಗ, ಅವಳ ಕೈಗೆ ತಾಗುವುದು ನಿಂಬವ್ವ ಕುಳ್ಳಿನ ಮೇಲೆ ಊದಿಕೊಂಡು ತಂದ ಅದೇ ಕಿಡಿ.