ಕೆಂಚಮ್ಮನ ಟಿವಿಗೆ ಮಂಗಳಾರತಿ

ನಮ್ಮೂರಿನ ಕೇಬಲ್ ಲೈನ್‌ಮನ್‌ಗೆ ದೇವರೇ ಬುದ್ಧಿ ಕೊಟ್ಟಿದ್ದ. ಆದರೂ ನೆನೆದರೆ ಮನಸ್ಸು ಭಾರವಾಗುತ್ತದೆ.

ಟಿವಿಯೆಲ್ಲ ಡಿಜಿಟಲ್ ಆಗುತ್ತಿದ್ದ ಕಾಲ. "ಸೆಟ್‌ಟಾಪ್ ಬಾಕ್ಸ್ ಕೊಳ್ಳದವರ ವೈರು ಕತ್ತರಿಸು. ಮೊದಲು ಆ ಮುದುಕಿ ಕೆಂಚಮ್ಮಂದು!" ಎಂದು ಕೇಬಲ್ ಮಾಲೀಕ ನಿಜಗುಣಪ್ಪ ಗುಡುಗಿದ.

"ನೀವೂ ಬನ್ನಿ ಧಣಿ," ಎಂದು ಲೈನ್‌ಮನ್ ಮರುದಿನ ಬೆಳಿಗ್ಗೆ ಅವನನ್ನೇ ಕೆಂಚಮ್ಮನ ಮನೆಗೆ ಕರೆದೊಯ್ದ.

ಮಸುಕು ಟಿವಿಯಲ್ಲಿ ವೀರಭದ್ರನಿಗೆ ಮಂಗಳಾರತಿ ನಡೆದಿತ್ತು. ಇತ್ತ ಕೆಂಚಮ್ಮನೂ ಟಿವಿಗೆ ಕರ್ಪೂರ ಬೆಳಗುತ್ತಿದ್ದಳು. ಓಣಿಯ ಹೆಂಗಸರೆಲ್ಲ ಕೈಮುಗಿದು ನಿಂತಿದ್ದರು.

"ಚಪ್ಪಲಿ ಬಿಡಿ ಧಣಿ. ತಗೊಳ್ಳಿ ಕಟರ್. ಆರತಿ ನಿಲ್ಲಿಸೋಕೆ ನನ್ನ ಕೈ ಏಳಲ್ಲ, ನೀವೇ ಕತ್ತರಿಸಿ," ಎಂದ ಲೈನ್‌ಮನ್.

ಹೆಂಗಸರು ತಿರುಗಿ ನೋಡಿದರು. ನಿಜಗುಣಪ್ಪ ಬೆವೆತ. ಅಷ್ಟರಲ್ಲಿ ಕೆಂಚಮ್ಮ ಆರತಿ ತಟ್ಟೆಯನ್ನು ಅವನ ಮುಂದೆಯೇ ಹಿಡಿದಳು.

"ಬರಿಗೈಲಿ ಆರತಿ ತಗೊಳ್ಳೋದಾ ಧಣಿ? ತಟ್ಟೆಗೆ ಇದನ್ನೇ ಹಾಕಿಬಿಡಿ," ಎಂದು ಲೈನ್‌ಮನ್ ಚೀಲದಿಂದ ಹೊಸ ಬಾಕ್ಸ್ ತೆಗೆದ.

"ಪುಣ್ಯಾತ್ಮ!" ಎಂದರು ಹೆಂಗಸರು. ನಿಜಗುಣಪ್ಪ ಹಲ್ಲು ಕಚ್ಚಿಕೊಂಡೇ ಬಾಕ್ಸ್ ಹಾಕಿ ಹೊರಬಿದ್ದ.

ಲೈನ್‌ಮನ್ ನಗುತ್ತಾ ಅದನ್ನು ಜೋಡಿಸಿದ. ಚಿತ್ರ ಕನ್ನಡಿಯಂತೆ ತಿಳಿಯಾಯಿತು. ಕೆಂಚಮ್ಮ ಹತ್ತಿರ ಹೋಗಿ ದಿಟ್ಟಿಸಿದಳು. ಅವಳ ಮುಖ ಬಾಡಿತು.

"ಇಷ್ಟು ದಿನ ನನ್ನ ತವರಿನ ವೀರಭದ್ರ ಅಂದ್ಕೊಂಡಿದ್ದೆ. ನಮ್ಮ ಸ್ವಾಮಿಗೆ ಇಂಥ ಮೀಸೆ ಇಲ್ಲ. ಮಗಾ, ಮತ್ತೆ ಮಸುಕು ಮಾಡೋಕಾಗುತ್ತಾ?"

ಅದಕ್ಕೆ ಮಾತ್ರ ಅವನಲ್ಲಿ ಉಪಾಯವಿರಲಿಲ್ಲ. ಕೆಂಚಮ್ಮ ಕಣ್ಣು ಮುಚ್ಚಿಕೊಂಡು ಆರತಿ ಮುಗಿಸಿದಳು.